ಗಾಯಾ ದತ್ತಾಂಶ ಭಂಡಾರ: ಗೋಳಗುಚ್ಛಗಳ ಬೆನ್ನು ಹತ್ತಿದವರಿಗೆ

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ ಗಾಯಾ ದತ್ತಾಂಶ ಭಂಡಾರವನ್ನು ಕಳೆದ ಮೂರು ವರ್ಷಗಳಿಂದ ನಾನು ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ ಬಳಸುತ್ತ ಬಂದಿದ್ದೇನೆ. ನಮ್ಮ ಕ್ಷೀರಪಥದ ಸುತ್ತ ಹರಡಿಕೊಂಡಿರುವ ಗೋಳಾಕಾರದ ಪುರಾತನ ನಕ್ಷತ್ರಗುಚ್ಛಗಳನ್ನು, ಅಂದರೆ ಗೋಳಗುಚ್ಛಗಳನ್ನು, ಒಂದೊಂದಾಗಿ ತೆಗೆದು ಅವು ಎಲ್ಲಿಂದ ಬಂದವು, ಈಗ ಯಾವ ಸ್ಥಿತಿಯಲ್ಲಿವೆ ಎಂದು ನೋಡುವುದೇ ಆ ಕೆಲಸ. ಆದ್ದರಿಂದ ಈ ವಿಮರ್ಶೆಯನ್ನು ಭಂಡಾರದ ಸಮಗ್ರ ಪರಿಚಯವೆಂದು ಓದಬಾರದು. ಅದರಲ್ಲಿ ಕ್ಷುದ್ರಗ್ರಹಗಳಿಂದ ಹಿಡಿದು ಕ್ವೇಸಾರ್‌ಗಳವರೆಗೆ ಎಲ್ಲಕ್ಕೂ ಜಾಗವಿದೆ, ಅವುಗಳ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಗೋಳಗುಚ್ಛಗಳು ಮತ್ತು ಗೆಲಾಕ್ಸಿಗಳು ಜೊತೆಜೊತೆಯಾಗಿ ಬೆಳೆದ ಕಥೆಯನ್ನು ತಿಳಿಯಬೇಕೆನ್ನುವವರಿಗೆ ಈ ಸೇವೆ ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಸೇವೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. 2013ರ ಡಿಸೆಂಬರ್ 19ರಂದು ಉಡಾವಣೆಗೊಂಡ ಗಾಯಾ ನೌಕೆಯು 2014ರ ಜುಲೈನಿಂದ 2025ರ ಜನವರಿಯವರೆಗೆ ಆಕಾಶವನ್ನು ಮತ್ತೆ ಮತ್ತೆ ಅಳೆಯಿತು. ಅದರ ಮೂರನೆಯ ದತ್ತಾಂಶ ಬಿಡುಗಡೆಯು 2022ರ ಜೂನ್ 13ರಂದು ಹೊರಬಂದಿತು, ಈಗ ನಾವು ಬಳಸುತ್ತಿರುವುದು ಮುಖ್ಯವಾಗಿ ಅದನ್ನೇ. ಸುಮಾರು 180 ಕೋಟಿ ಕಾಯಗಳ ಸ್ಥಾನ ಮತ್ತು ಪ್ರಕಾಶ ಅದರಲ್ಲಿವೆ. ಅವುಗಳ ಪೈಕಿ 146 ಕೋಟಿಯಷ್ಟಕ್ಕೆ ಪ್ಯಾರಲ್ಯಾಕ್ಸ್ (ದೂರವನ್ನು ತಿಳಿಸುವ ಅಳತೆ, ಅದರ ವಿವರ ಮುಂದಿದೆ) ಮತ್ತು ಸ್ವಚಲನೆಯ, ಅಂದರೆ ಆಗಸದಲ್ಲಿ ಅಡ್ಡಲಾಗಿ ಸರಿಯುವ ವೇಗದ, ಅಳತೆಗಳೂ, 3.3 ಕೋಟಿಯಷ್ಟಕ್ಕೆ ನಮ್ಮ ಕಡೆಗೆ ಬರುವ ಅಥವಾ ನಮ್ಮಿಂದ ದೂರ ಸರಿಯುವ ವೇಗವೂ ಸಿಗುತ್ತವೆ. ಖಾತೆ ತೆರೆಯದೆಯೂ ಯಾರು ಬೇಕಾದರೂ ಬ್ರೌಸರಿನಲ್ಲೇ ಪ್ರಶ್ನೆ ಕೇಳಬಹುದು. ಖಾತೆ ಇದ್ದರೆ ಫಲಿತಾಂಶಗಳನ್ನು ಅಲ್ಲಿಯೇ ಉಳಿಸಿಕೊಳ್ಳಬಹುದು, ನಮ್ಮದೇ ಪಟ್ಟಿಯನ್ನು ಏರಿಸಿ ಗಾಯಾ ಪಟ್ಟಿಯೊಡನೆ ತಾಳೆ ನೋಡಬಹುದು. ಇಲ್ಲಿ ಕಣ್ಣಿಗೆ ಹಬ್ಬವಾಗುವ ಚಿತ್ರಗಳನ್ನು ನಿರೀಕ್ಷಿಸುವಂತಿಲ್ಲ, ಕೈಗೆ ಬರುವುದು ಸಾಲು ಸಾಲು ಅಂಕಿಗಳು.

ಆದರೆ ಗೋಳಗುಚ್ಛಗಳ ವಿಷಯದಲ್ಲಿ ನಮಗೆ ಬೇಕಾಗಿದ್ದುದು ಈ ಅಂಕಿಗಳೇ. ಎಡ್ಮಂಡ್ ಹ್ಯಾಲಿ 1714ರಲ್ಲಿ ಗುರುತಿಸಿದ ಹರ್ಕ್ಯುಲಿಸ್ ಗುಚ್ಛ ಎಂ13ರ ಚಿತ್ರವನ್ನು ನೋಡದವರು ಕಡಿಮೆ. ಲಕ್ಷಾಂತರ ನಕ್ಷತ್ರಗಳು ನಡುವಿನಲ್ಲಿ ಒತ್ತೊತ್ತಾಗಿ, ಅಂಚಿಗೆ ಹೋದಂತೆ ವಿರಳವಾಗಿ ಚೆಲ್ಲಿದ ಆ ಚೆಂಡು ಎಷ್ಟು ಸುಂದರವೋ ಅಷ್ಟೇ ಮೌನಿ. ಚಿತ್ರ ಎಷ್ಟೇ ತೀಕ್ಷ್ಣವಾಗಿದ್ದರೂ ಆ ಗುಚ್ಛ ಯಾವ ದಿಕ್ಕಿಗೆ ಹೊರಟಿದೆ, ಗೆಲಾಕ್ಸಿಯ ಸುತ್ತ ಅದರ ಕಕ್ಷೆ ಎಂಥದ್ದು, ಅದು ಇಲ್ಲಿಯೇ ಹುಟ್ಟಿತೋ ಬೇರೆ ಗೆಲಾಕ್ಸಿಯಿಂದ ಬಂದು ಸೇರಿತೋ ಎಂಬುದನ್ನು ಹೇಳಲಾರದು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಹಾರ್ಲೋ ಶ್ಯಾಪ್ಲೆ ಗೋಳಗುಚ್ಛಗಳು ಆಕಾಶದ ಎಲ್ಲ ಕಡೆಗೂ ಸಮನಾಗಿ ಹರಡಿಲ್ಲ, ಧನು ರಾಶಿಯ ದಿಕ್ಕಿನಲ್ಲಿ ಗುಂಪುಗೂಡಿವೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಸೂರ್ಯನು ಕ್ಷೀರಪಥದ ಕೇಂದ್ರದಲ್ಲಿಲ್ಲವೆಂದು ತೋರಿಸಿದರು. ಅವರ ಕೈಯಲ್ಲಿದ್ದುದು ಗುಚ್ಛಗಳ ಸ್ಥಾನ ಮತ್ತು ದೂರ. ಅದರಿಂದ ಗೆಲಾಕ್ಸಿಯ ಆಕಾರ ತಿಳಿಯಿತು. ಅದರ ಚರಿತ್ರೆ ತಿಳಿಯಬೇಕಾದರೆ ಚಲನೆ ಬೇಕಾಗಿತ್ತು, ಅದನ್ನು ಗಾಯಾ ಒದಗಿಸಿತು.

ಭಂಡಾರದ ನಿಜವಾದ ಸಾಮರ್ಥ್ಯ ನನಗೆ ಮನವರಿಕೆಯಾದದ್ದು 47 ಟುಕಾನೆ ಎಂಬ ಗುಚ್ಛದಿಂದ. ದಕ್ಷಿಣ ಆಕಾಶದಲ್ಲಿ ಸುಮಾರು 15,000 ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ಗುಚ್ಛದ ಹಿನ್ನೆಲೆಯಲ್ಲಿ, ಅದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು ದೂರದಲ್ಲಿ, ಕಿರಿಯ ಮೆಗೆಲನ್ ಮೋಡವೆಂಬ ಪುಟ್ಟ ಗೆಲಾಕ್ಸಿಯ ಹೊರವಲಯ ಹರಡಿಕೊಂಡಿದೆ. ಚಿತ್ರದಲ್ಲಿ ಎರಡರ ನಕ್ಷತ್ರಗಳೂ ಬೆರೆತುಹೋಗಿರುತ್ತವೆ. ಗುಚ್ಛದ ಕೇಂದ್ರದಿಂದ ಅರ್ಧ ಡಿಗ್ರಿ ತ್ರಿಜ್ಯದ ವೃತ್ತದೊಳಗಿನ ಎಲ್ಲ ನಕ್ಷತ್ರಗಳನ್ನು ಕೊಡು ಎಂದು ನಾನು ಭಂಡಾರವನ್ನು ಕೇಳಿದೆ. ಬಂದ ಪಟ್ಟಿಯಲ್ಲಿ ಪ್ರತಿ ನಕ್ಷತ್ರವೂ ವರ್ಷಕ್ಕೆ ಪೂರ್ವ-ಪಶ್ಚಿಮವಾಗಿ ಎಷ್ಟು ಸರಿಯುತ್ತದೆ, ಉತ್ತರ-ದಕ್ಷಿಣವಾಗಿ ಎಷ್ಟು ಸರಿಯುತ್ತದೆ ಎಂಬ ಎರಡು ಕಲಮುಗಳಿದ್ದವು. ಒಂದನ್ನು ಅಡ್ಡ ಅಕ್ಷಕ್ಕೂ ಇನ್ನೊಂದನ್ನು ಲಂಬ ಅಕ್ಷಕ್ಕೂ ಹಾಕಿ ಚುಕ್ಕಿಗಳನ್ನು ಮೂಡಿಸಿದೆ. ತೆರೆಯ ಮೇಲೆ ಎರಡು ಸ್ಪಷ್ಟ ಗಂಟುಗಳು ಕಾಣಿಸಿಕೊಂಡವು. ಒಂದು, ಪೂರ್ವಕ್ಕೆ ಸುಮಾರು 5.2 ಮತ್ತು ದಕ್ಷಿಣಕ್ಕೆ ಸುಮಾರು 2.5 ಮಿಲಿ ಆರ್ಕ್‌ಸೆಕೆಂಡ್ ಸರಿಯುತ್ತಿರುವ ದಟ್ಟ ಗಂಟು, ಅದೇ 47 ಟುಕಾನೆ (ಒಂದು ಮಿಲಿ ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 36 ಲಕ್ಷದಲ್ಲೊಂದು ಭಾಗ). ಇನ್ನೊಂದು, ಸೊನ್ನೆಗೆ ಹೆಚ್ಚು ಹತ್ತಿರವಿದ್ದ ಗಂಟು, ಅದು ದೂರದ ಮೆಗೆಲನ್ ಮೋಡ. ನಡುವೆ ಅಲ್ಲಲ್ಲಿ ಚೆದುರಿದ್ದವು ನಮ್ಮದೇ ಗೆಲಾಕ್ಸಿಯ ದಾರಿಹೋಕ ನಕ್ಷತ್ರಗಳು. ಈ ವೇಗದಲ್ಲಿ ಗುಚ್ಛವು ಆಗಸದಲ್ಲಿ ಒಂದು ಡಿಗ್ರಿ ಸರಿಯಲು ಆರು ಲಕ್ಷ ವರ್ಷಗಳಾದರೂ ಬೇಕು. ಅಷ್ಟು ಸೂಕ್ಷ್ಮವಾದ ಚಲನೆಯು ಮೂರು ವರ್ಷಗಳಿಗೂ ಕಡಿಮೆ ಅವಧಿಯ ಅಳತೆಗಳಿಂದ ಇಷ್ಟು ನಿಚ್ಚಳವಾಗಿ ಬೇರ್ಪಟ್ಟು ನಿಂತದ್ದನ್ನು ಕಂಡಾಗ ನಾನು ಬಹಳ ಹೊತ್ತು ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಮುಂದಿನ ಹೆಜ್ಜೆ ಇನ್ನೂ ಫಲಕಾರಿಯಾದದ್ದು. ದಟ್ಟ ಗಂಟಿನ ನಕ್ಷತ್ರಗಳನ್ನು ಮಾತ್ರ ಆಯ್ದು, ಅವುಗಳ ಬಣ್ಣವನ್ನು ಅಡ್ಡಕ್ಕೂ ಪ್ರಕಾಶವನ್ನು ಲಂಬಕ್ಕೂ ಹಾಕಿದರೆ, ಪಠ್ಯಪುಸ್ತಕದ ರೇಖಾಚಿತ್ರ ನಮ್ಮ ಕೈಯಾರೆ ಮೂಡಿಬರುತ್ತದೆ. ಕೆಳಗಿನಿಂದ ಏರಿಬರುವ ಮುಖ್ಯ ಸರಣಿ (ಒಡಲಿನಲ್ಲಿ ಹೈಡ್ರೊಜನ್ ಉರಿಸುತ್ತಿರುವ ನಕ್ಷತ್ರಗಳ ಸಾಲು), ಅದು ಒಂದೆಡೆ ಬಲಕ್ಕೆ ಬಾಗುವ ತಿರುವು, ಅಲ್ಲಿಂದ ಮೇಲಕ್ಕೆ ಹೋಗುವ ಕೆಂಪು ದೈತ್ಯಗಳ ಕೊಂಬೆ, ಹೀಲಿಯಂ ಉರಿಸುತ್ತಿರುವ ನಕ್ಷತ್ರಗಳ ಪುಟ್ಟ ಗುಂಪು, ಎಲ್ಲವೂ ಅಲ್ಲಿರುತ್ತವೆ. ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು ತಮ್ಮ ಇಂಧನವನ್ನು ಬೇಗ ಮುಗಿಸಿ ಮುಖ್ಯ ಸರಣಿಯನ್ನು ಬಿಟ್ಟು ಹೋಗುತ್ತವೆ. ಹಾಗಾಗಿ ಗುಚ್ಛಕ್ಕೆ ವಯಸ್ಸಾದಂತೆಲ್ಲ ಆ ತಿರುವು ಕೆಳಕೆಳಗೆ ಇಳಿಯುತ್ತದೆ. ಗೋಳಗುಚ್ಛಗಳಲ್ಲಿ ಸೂರ್ಯನಿಗಿಂತ ತುಸು ಕಡಿಮೆ ದ್ರವ್ಯರಾಶಿಯ ನಕ್ಷತ್ರಗಳೇ ತಿರುವಿನಲ್ಲಿರುವುದರಿಂದ ಅವುಗಳ ವಯಸ್ಸು ಸಾವಿರ ಕೋಟಿ ವರ್ಷಗಳನ್ನು ಮೀರಿದ್ದೆಂದು, ಹಲವುಗಳಲ್ಲಿ 1,200 ಕೋಟಿಯನ್ನೂ ದಾಟಿದ್ದೆಂದು ತಿಳಿಯುತ್ತದೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಎಂದರೆ ಕ್ಷೀರಪಥವು ಇಂದಿನ ಆಕಾರವನ್ನು ಪಡೆಯುವ ಮೊದಲೇ ಈ ಗುಚ್ಛಗಳು ಇದ್ದವು, ಅದು ಬೆಳೆದದ್ದಕ್ಕೆಲ್ಲ ಸಾಕ್ಷಿಗಳಾಗಿ ಉಳಿದವು.

ಇಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪ್ಯಾರಲ್ಯಾಕ್ಸ್ ಎಂದರೆ ಭೂಮಿ ಸೂರ್ಯನನ್ನು ಸುತ್ತುವುದರಿಂದ ನಕ್ಷತ್ರ ಹಿಂದೆ ಮುಂದೆ ಸರಿದಂತೆ ಕಾಣುವ ಪ್ರಮಾಣ. ಅದನ್ನು ತಲೆಕೆಳಗು ಮಾಡಿದರೆ ದೂರ ಸಿಗುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಆರಂಭದಲ್ಲಿ ನಾನು ಪ್ರತಿ ನಕ್ಷತ್ರಕ್ಕೂ ಹಾಗೆಯೇ ಮಾಡಿ ಗುಚ್ಛದ ಮೂರು ಆಯಾಮದ ನಕ್ಷೆಯನ್ನು ರಚಿಸಿದೆ. ಗೋಳವಾಗಿರಬೇಕಿದ್ದ ಗುಚ್ಛವು ನಮ್ಮತ್ತ ಚಾಚಿದ ಉದ್ದನೆಯ ಕಡ್ಡಿಯಂತೆ ಕಂಡಿತು, ಹಲವು ನಕ್ಷತ್ರಗಳ ಪ್ಯಾರಲ್ಯಾಕ್ಸ್ ಋಣಸಂಖ್ಯೆಯಾಗಿಯೂ ಇತ್ತು. ಕಾರಣ ಸರಳವಾದದ್ದು. 47 ಟುಕಾನೆಯ ಪ್ಯಾರಲ್ಯಾಕ್ಸ್ ಒಂದು ಮಿಲಿ ಆರ್ಕ್‌ಸೆಕೆಂಡಿನ ಕಾಲು ಭಾಗಕ್ಕಿಂತಲೂ ಕಡಿಮೆ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. 15ನೆಯ ಕಾಂತಿಮಾನದ ನಕ್ಷತ್ರಕ್ಕೆ ಗಾಯಾದ ಅಳತೆಯಲ್ಲಿ ಅನಿಶ್ಚಿತತೆ 0.02ರಿಂದ 0.03 ಇದ್ದರೆ, 20ನೆಯ ಕಾಂತಿಮಾನದ ಮಂಕು ನಕ್ಷತ್ರಕ್ಕೆ ಅದು 0.5ಕ್ಕೆ ಏರುತ್ತದೆ, ಅಂದರೆ ಅಳೆಯಬೇಕಾದ ಪ್ರಮಾಣಕ್ಕಿಂತ ಅನಿಶ್ಚಿತತೆಯೇ ದೊಡ್ಡದಾಗಿಬಿಡುತ್ತದೆ. ಇದರ ಮೇಲೆ ಇಡೀ ಪಟ್ಟಿಗೆ ಅನ್ವಯವಾಗುವ ಸಣ್ಣದೊಂದು ಶೂನ್ಯಬಿಂದು ದೋಷವೂ (ಅಳತೆಗಳೆಲ್ಲ ತುಸು ಒಂದೇ ಕಡೆಗೆ ವಾಲಿರುವ ತಪ್ಪು) ಇದೆ, ಅದನ್ನು ಸರಿಪಡಿಸುವ ಸೂತ್ರವನ್ನು ಯೋಜನೆಯ ತಂಡವೇ ಪ್ರಕಟಿಸಿದೆ. ಗುಚ್ಛದ ದೂರಕ್ಕೆ ಸಾವಿರಾರು ನಕ್ಷತ್ರಗಳ ಸರಾಸರಿಯನ್ನು ತೆಗೆಯಬೇಕೇ ಹೊರತು ಒಂಟಿ ನಕ್ಷತ್ರವನ್ನು ನಂಬಬಾರದು. ಪ್ರತಿ ಅಳತೆಯ ಪಕ್ಕದಲ್ಲೇ ಅದರ ಅನಿಶ್ಚಿತತೆಯನ್ನೂ ಕಲಮಾಗಿ ಕೊಟ್ಟಿರುವುದು ಈ ಭಂಡಾರದ ದೊಡ್ಡ ಗುಣ. ಅದನ್ನು ಓದದೆ ಮುಂದೆ ಹೋದ ತಪ್ಪು ನನ್ನದು.

ಒಂದು ಗುಚ್ಛದಿಂದ ಎಲ್ಲ ಗುಚ್ಛಗಳಿಗೆ ಹೊರಳಿದಾಗ ಈ ಸೇವೆಯ ಬೆಲೆ ಪೂರ್ತಿಯಾಗಿ ತಿಳಿಯುತ್ತದೆ. ಕ್ಷೀರಪಥದಲ್ಲಿ ಸುಮಾರು 170 ಗೋಳಗುಚ್ಛಗಳು ನಮಗೆ ಗೊತ್ತಿವೆ. ಗಾಯಾ ಅಳತೆಗಳಿಂದ ಹೆಚ್ಚುಕಡಿಮೆ ಅವೆಲ್ಲವುಗಳ ಸರಾಸರಿ ಸ್ವಚಲನೆಯನ್ನು ಲೆಕ್ಕಹಾಕಲಾಗಿದೆ. ದೂರ ಮತ್ತು ದೃಷ್ಟಿರೇಖೆಯ ವೇಗವನ್ನೂ ಸೇರಿಸಿಕೊಂಡರೆ ಪ್ರತಿ ಗುಚ್ಛದ ಕಕ್ಷೆಯನ್ನು ಹಿಂದಕ್ಕೆ ಎಳೆದು ನೋಡಲು ಸಾಧ್ಯವಾಗುತ್ತದೆ. ಎರಡನೆಯ ಬಿಡುಗಡೆ 2018ರ ಏಪ್ರಿಲ್ 25ರಂದು ಬಂತು. ಕ್ಷೀರಪಥದ ಒಳ ಪ್ರಭಾವಲಯದಲ್ಲಿ, ಅಂದರೆ ಅದರ ತಟ್ಟೆಯನ್ನು ಸುತ್ತುವರಿದ ವಿರಳ ನಕ್ಷತ್ರಗಳ ಗೋಳದ ಒಳಭಾಗದಲ್ಲಿ, ತೀರ ಉದ್ದನೆಯ ಕಕ್ಷೆಗಳಲ್ಲಿ ಓಡಾಡುತ್ತಿರುವ ಅಸಂಖ್ಯ ನಕ್ಷತ್ರಗಳು ಒಂದೇ ದೊಡ್ಡ ಗೆಲಾಕ್ಸಿಯ ಅವಶೇಷಗಳೆಂಬುದು ಅದೇ ವರ್ಷ ಖಚಿತವಾಯಿತು. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಕ್ಷೀರಪಥಕ್ಕೆ ಡಿಕ್ಕಿ ಹೊಡೆದು ಕರಗಿಹೋದ ಆ ಗೆಲಾಕ್ಸಿಯನ್ನು ಗಾಯಾ-ಎನ್ಸೆಲಾಡಸ್ ಎಂದು ಕರೆಯುತ್ತಾರೆ. ಅದು ಬರಿಗೈಯಲ್ಲಿ ಬರಲಿಲ್ಲ, ತನ್ನ ಗೋಳಗುಚ್ಛಗಳನ್ನೂ ತಂದಿತು. ಎನ್‌ಜಿಸಿ 1851, ಎನ್‌ಜಿಸಿ 2298, ಎಂ79 ಮುಂತಾದವು ಆ ಮನೆಯಿಂದ ಬಂದವೆಂದು ಕಕ್ಷೆಗಳ ಹೋಲಿಕೆಯಿಂದ ಗುರುತಿಸಲಾಗಿದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು 151 ಗುಚ್ಛಗಳನ್ನು ಹೀಗೆ ವಿಂಗಡಿಸಿ, ಸುಮಾರು ಶೇ. 40ರಷ್ಟು ಮಾತ್ರ ಇಲ್ಲಿಯೇ ಹುಟ್ಟಿದವು ಎಂಬ ನಿರ್ಣಯಕ್ಕೆ ಬಂದಿತು. ಉಳಿದವುಗಳಲ್ಲಿ ಬಹುಪಾಲು ಹೊರಗಿನಿಂದ ಬಂದು ಸೇರಿದವು. ಈ ಸೇರ್ಪಡೆ ಇಂದಿಗೂ ನಿಂತಿಲ್ಲ. 1994ರಲ್ಲಿ ಪತ್ತೆಯಾದ ಧನುಸ್ಸಿನ ಕುಬ್ಜ ಗೆಲಾಕ್ಸಿಯು ನಮ್ಮ ಕಣ್ಣೆದುರಿಗೇ ಹರಿದುಹೋಗುತ್ತಿದೆ, ಅದರ ನಟ್ಟನಡುವೆ ಎಂ54 ಗುಚ್ಛ ಕುಳಿತಿದೆ.

ಆದರೆ ಕಕ್ಷೆಯೊಂದನ್ನೇ ನೆಚ್ಚಿಕೊಂಡು ಮೂಲವನ್ನು ನಿರ್ಧರಿಸಲಾಗದು ಎಂಬುದನ್ನು ಬಳಕೆದಾರರು ತಿಳಿದಿರಬೇಕು. ಕೋಟ್ಯಂತರ ವರ್ಷಗಳಲ್ಲಿ ಕ್ಷೀರಪಥದ ದ್ರವ್ಯರಾಶಿ ಬದಲಾಗಿದೆ, ಕಕ್ಷೆಗಳೂ ಬದಲಾಗಿವೆ, ಎರಡು ಬೇರೆ ಗೆಲಾಕ್ಸಿಗಳಿಂದ ಬಂದ ಗುಚ್ಛಗಳು ಇಂದು ಒಂದೇ ಬಗೆಯ ದಾರಿಯಲ್ಲಿ ಸಾಗುತ್ತಿರಬಹುದು. ಆಗ ನೆರವಿಗೆ ಬರುವುದು ವಯಸ್ಸು ಮತ್ತು ಲೋಹಾಂಶದ, ಅಂದರೆ ಹೀಲಿಯಂಗಿಂತ ಭಾರದ ಧಾತುಗಳ ಪ್ರಮಾಣದ, ಲೆಕ್ಕ. ದೊಡ್ಡ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಬಿರುಸಾಗಿ ಹುಟ್ಟಿ ಸಾಯುವುದರಿಂದ ಅನಿಲದಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಬೇಗ ತುಂಬಿಕೊಳ್ಳುತ್ತವೆ, ಚಿಕ್ಕ ಗೆಲಾಕ್ಸಿಯಲ್ಲಿ ಆ ಕೆಲಸ ನಿಧಾನ. ಹೀಗಾಗಿ ಒಂದೇ ಲೋಹಾಂಶವುಳ್ಳ ಎರಡು ಗುಚ್ಛಗಳನ್ನು ತೆಗೆದುಕೊಂಡರೆ, ಕಿರಿಯ ವಯಸ್ಸಿನದು ಸಣ್ಣ ಗೆಲಾಕ್ಸಿಯಲ್ಲಿ ಹುಟ್ಟಿದ್ದಿರುವ ಸಂಭವ ಹೆಚ್ಚು. ಕ್ಷೀರಪಥದ ಗುಚ್ಛಗಳನ್ನು ವಯಸ್ಸು ಮತ್ತು ಲೋಹಾಂಶದ ನಕ್ಷೆಯಲ್ಲಿ ಇಟ್ಟಾಗ ಅವು ಎರಡು ಕೊಂಬೆಗಳಾಗಿ ಒಡೆಯುವುದು ಈ ಕಾರಣಕ್ಕಾಗಿಯೇ. ವಯಸ್ಸು ಮತ್ತು ರಾಸಾಯನಿಕ ವಿವರಗಳಿಗೆ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳನ್ನೂ ನೆಲದ ದೊಡ್ಡ ದೂರದರ್ಶಕಗಳ ರೋಹಿತಗಳನ್ನೂ ಆಶ್ರಯಿಸಬೇಕು. ಗಾಯಾದಲ್ಲಿರುವ ರಾಸಾಯನಿಕ ಅಂದಾಜುಗಳನ್ನು ಈ ಕೆಲಸಕ್ಕೆ ಸಾಕೆಂದು ನಾನು ಯಾರಿಗೂ ಹೇಳಲಾರೆ.

ಗುಚ್ಛಗಳ ಮುಪ್ಪಿನ ಅಧ್ಯಯನಕ್ಕೆ ಬಂದರೆ ಭಂಡಾರ ಮತ್ತೆ ಬಲವಾಗಿ ನಿಲ್ಲುತ್ತದೆ. ಗುಚ್ಛದೊಳಗಿನ ನಕ್ಷತ್ರಗಳು ಗುರುತ್ವದಿಂದ ಒಂದನ್ನೊಂದು ಸದಾ ಎಳೆದಾಡುತ್ತ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಭಾರದವು ನಿಧಾನವಾಗಿ ಒಡಲಿಗೆ ಇಳಿಯುತ್ತವೆ, ಹಗುರವಾದವು ಅಂಚಿಗೆ ತಳ್ಳಲ್ಪಟ್ಟು ಒಂದೊಂದಾಗಿ ಕೈಜಾರುತ್ತವೆ. ಗುಚ್ಛವು ಗೆಲಾಕ್ಸಿಯ ತಟ್ಟೆಯನ್ನು ಹಾದುಹೋಗುವಾಗಲೆಲ್ಲ ಆ ಸೋರಿಕೆ ಹೆಚ್ಚುತ್ತದೆ. ಹೊರಬಿದ್ದ ನಕ್ಷತ್ರಗಳು ಗುಚ್ಛದ ಕಕ್ಷೆಯಲ್ಲೇ ಮುಂದೆಯೂ ಹಿಂದೆಯೂ ಬಾಲದಂತೆ ಹರಡಿಕೊಳ್ಳುತ್ತವೆ. ಪಾಲೊಮಾರ್ 5ರ ಇಂಥ ಬಾಲಗಳು ಆಕಾಶದಲ್ಲಿ 20 ಡಿಗ್ರಿಗೂ ಹೆಚ್ಚು ಉದ್ದಕ್ಕೆ ಚಾಚಿವೆ. ಆ ಗುಚ್ಛ ತೀರ ಸಡಿಲವಾಗಿರುವುದಕ್ಕೂ ಬಾಲಗಳು ಅಷ್ಟು ಸಮೃದ್ಧವಾಗಿರುವುದಕ್ಕೂ ಅದರೊಳಗೆ ನೂರಕ್ಕೂ ಮಿಕ್ಕಿ ಕಪ್ಪು ಕುಳಿಗಳು ಉಳಿದುಕೊಂಡಿರುವುದೇ ಕಾರಣವೆಂದು 2021ರ ಒಂದು ಅಧ್ಯಯನ ಲೆಕ್ಕದ ಮಾದರಿಗಳಿಂದ ವಾದಿಸಿತು. ಜಿಡಿ-1 ಎಂಬ ನಕ್ಷತ್ರ ಪ್ರವಾಹದಲ್ಲಿ ಮೂಲ ಗುಚ್ಛವೇ ಕಾಣಿಸುವುದಿಲ್ಲ, ಉಳಿದಿರುವುದು ಬಾಲ ಮಾತ್ರ. ಗಾಯಾದ ಸ್ವಚಲನೆಯಿಂದ ಶೋಧಿಸಿ ನೋಡಿದಾಗ ಆ ಪ್ರವಾಹದ ನಡುವೆ ಬರಿದಾದ ಎಡೆಗಳೂ ಪಕ್ಕಕ್ಕೆ ಚಿಮ್ಮಿದ ಕವಲೂ ಕಂಡವು. ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಮುದ್ದೆಯೊಂದು ಅದರ ಹತ್ತಿರ ಹಾದುಹೋಗಿರಬಹುದೆಂಬ ಊಹೆ ಅಲ್ಲಿಂದ ಹುಟ್ಟಿದೆ. ಗುಚ್ಛವೊಂದು ಸಾಯುವ ರೀತಿಯೇ ಗೆಲಾಕ್ಸಿಯ ಅದೃಶ್ಯ ದ್ರವ್ಯವನ್ನು ಅಳೆಯುವ ಸಾಧನವಾಗುತ್ತದೆಂಬುದು ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಂಗತಿ.

ಭಂಡಾರದ ಮಿತಿ ಎದ್ದು ಕಾಣುವುದು ಗುಚ್ಛಗಳ ಗರ್ಭದಲ್ಲಿ. ನಕ್ಷತ್ರಗಳು ಒತ್ತೊತ್ತಾಗಿರುವ ಕಡೆ ಗಾಯಾ ಎಲ್ಲವನ್ನೂ ಬಿಡಿಬಿಡಿಯಾಗಿ ಅಳೆಯಲಾರದು, ಅಳೆದವುಗಳಲ್ಲಿಯೂ ನೆರೆಯ ನಕ್ಷತ್ರದ ಬೆಳಕು ಬೆರೆತಿರುತ್ತದೆ. ಮೂರನೆಯ ಬಿಡುಗಡೆಯ ಪಟ್ಟಿಯಿಂದ ಒಮೇಗಾ ಸೆಂಟಾರಿಯ ನಕ್ಷೆ ಬಿಡಿಸಿದರೆ, ಅತಿ ದಟ್ಟವಾಗಿರಬೇಕಾದ ನಡುಭಾಗದಲ್ಲಿಯೇ ನಕ್ಷತ್ರಗಳ ಕೊರತೆ ಕಾಣುತ್ತದೆ. 2023ರ ಅಕ್ಟೋಬರ್ 10ರಂದು ಬಂದ ವಿಶೇಷ ಬಿಡುಗಡೆಯು ನೌಕೆಯ ಬೇರೆ ಬಗೆಯ ಚಿತ್ರಗಳನ್ನು ಬಳಸಿ ಆ ಪ್ರದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೊಸ ನಕ್ಷತ್ರಗಳನ್ನು ಸೇರಿಸಿತು. ಸುಮಾರು ಒಂದು ಕೋಟಿ ನಕ್ಷತ್ರಗಳಿರುವ ಒಮೇಗಾ ಸೆಂಟಾರಿಯನ್ನು ಹಿಂದೆಂದೋ ಕ್ಷೀರಪಥ ನುಂಗಿದ ಕುಬ್ಜ ಗೆಲಾಕ್ಸಿಯೊಂದರ ತಿರುಳೆಂದು ಹಲವರು ಭಾವಿಸುತ್ತಾರೆ. ಅಲ್ಲಿ ಕನಿಷ್ಠ 8,200 ಸೂರ್ಯರಷ್ಟು ತೂಗುವ ಕಪ್ಪು ಕುಳಿ ಇರುವುದಕ್ಕೆ 2024ರಲ್ಲಿ ಸಿಕ್ಕ ಪುರಾವೆ, ಅಂದರೆ ಕೇಂದ್ರದ ಬಳಿ ಅತಿವೇಗದಿಂದ ಚಲಿಸುತ್ತಿರುವ ಏಳು ನಕ್ಷತ್ರಗಳು, ದೊರೆತದ್ದು ಹಬಲ್ ಇಪ್ಪತ್ತು ವರ್ಷ ತೆಗೆದ ಚಿತ್ರಗಳಲ್ಲಿ. ಎನ್‌ಜಿಸಿ 2808ರ ಮುಖ್ಯ ಸರಣಿ ಮೂರು ಎಳೆಗಳಾಗಿ ಸೀಳಿರುವುದನ್ನು 2007ರಲ್ಲಿ ತೋರಿಸಿದ್ದೂ ಹಬಲ್. ಒಂದೇ ಗುಚ್ಛದಲ್ಲಿ ಹೀಲಿಯಂ ಪ್ರಮಾಣ ಬೇರೆ ಬೇರೆಯಾಗಿರುವ ನಕ್ಷತ್ರ ಸಮೂಹಗಳು ಏಕೆ ಉಂಟಾದವು ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಹುಟ್ಟಿಲ್ಲ.

ಹುಟ್ಟಿನ ಪ್ರಶ್ನೆಗೆ ನೇರ ಉತ್ತರವನ್ನು ಗಾಯಾದಿಂದ ನಿರೀಕ್ಷಿಸುವುದು ತಪ್ಪಾಗುತ್ತದೆ, ಅದು ನೋಡುವುದು ಇಂದು ಬದುಕುಳಿದವುಗಳನ್ನು. ಆರಂಭದ ಗೆಲಾಕ್ಸಿಗಳಲ್ಲಿ ಅನಿಲ ಹೇರಳವಾಗಿತ್ತು, ಒತ್ತಡ ವಿಪರೀತವಾಗಿತ್ತು, ಅಂಥ ಕಡೆ ಮಹಾಮೋಡಗಳು ಕುಸಿದು ಬಿಗಿಯಾದ ಗುಚ್ಛಗಳಾದವು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಚಿತ್ರಣ. ಹುಟ್ಟಿದ ಜಾಗದಲ್ಲೇ ಉಳಿದಿದ್ದರೆ ಅಕ್ಕಪಕ್ಕದ ಅನಿಲ ಮೋಡಗಳ ಎಳೆತಕ್ಕೆ ಅವು ಚೂರಾಗುತ್ತಿದ್ದವು. ಗೆಲಾಕ್ಸಿಗಳ ಡಿಕ್ಕಿಗಳೇ ಕೆಲವನ್ನು ಹೊರವಲಯಕ್ಕೆ ಎಸೆದು ಕಾಪಾಡಿದವೆಂದು ಒಂದು ಪ್ರಮುಖ ಸಿದ್ಧಾಂತ ಹೇಳುತ್ತದೆ. ಜೇಮ್ಸ್ ವೆಬ್ ದೂರದರ್ಶಕವು ಗುರುತ್ವ ಮಸೂರದ (ನಡುವಿನ ಭಾರೀ ದ್ರವ್ಯರಾಶಿಯೊಂದು ಹಿಂದಿನ ಬೆಳಕನ್ನು ಬಾಗಿಸಿ ಹಿಗ್ಗಿಸಿ ತೋರಿಸುವುದು) ನೆರವಿನಿಂದ, ಮಹಾಸ್ಫೋಟದ ನಂತರ ಕೇವಲ 46 ಕೋಟಿ ವರ್ಷಗಳಾಗಿದ್ದಾಗಿನ ಒಂದು ಪುಟ್ಟ ಗೆಲಾಕ್ಸಿಯಲ್ಲಿ ಐದು ಎಳೆಯ ಗುಚ್ಛಗಳನ್ನು ಬಿಡಿಬಿಡಿಯಾಗಿ ಕಂಡದ್ದು 2024ರಲ್ಲಿ ಪ್ರಕಟವಾಯಿತು. ವೆಬ್ ತೊಟ್ಟಿಲನ್ನು ತೋರಿಸಿದರೆ, ಗಾಯಾ ಇಳಿವಯಸ್ಸಿನ ನಡೆಯನ್ನು ತೋರಿಸುತ್ತದೆ. ಎರಡನ್ನೂ ಜೋಡಿಸಿ ಓದುವುದು ಬಳಕೆದಾರರ ಹೊಣೆ.

ಬಳಕೆಯ ಸುಲಭತೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎಡಿಕ್ಯೂಎಲ್ ಎಂಬ ಪ್ರಶ್ನಾಭಾಷೆಯನ್ನು ಅಷ್ಟಿಷ್ಟಾದರೂ ಕಲಿಯದೆ ಇಲ್ಲಿ ಮುಂದೆ ಸಾಗಲಾಗದು, ಹತ್ತು ಸಾಲುಗಳನ್ನು ಸ್ವತಃ ಬರೆದು ನೋಡಿದರೆ ಅದರ ಭಯ ಹೋಗುತ್ತದೆ. ಮುಖ್ಯ ಕೋಷ್ಟಕದಲ್ಲಿ ಸುಮಾರು 150 ಕಲಮುಗಳಿವೆ, ಗೋಳಗುಚ್ಛಗಳ ಕೆಲಸಕ್ಕೆ ಹತ್ತು ಹನ್ನೆರಡು ಸಾಕು. ಅಳತೆ ಎಷ್ಟು ನಂಬಲರ್ಹ ಎಂದು ಸೂಚಿಸುವ ರುವೆ ಎಂಬ ಕಲಮನ್ನು ಮಾತ್ರ ಮರೆಯಬಾರದು. ಅದು 1.4ನ್ನು ಮೀರಿದ ನಕ್ಷತ್ರಗಳನ್ನು ನಾನು ಮೊದಲೇ ಬದಿಗಿಡುತ್ತೇನೆ. ಚುಕ್ಕಿಗಳನ್ನು ಮೂಡಿಸಲು ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ ಭಂಡಾರದೊಡನೆ ನೇರವಾಗಿ ಮಾತನಾಡುತ್ತದೆ, ಪ್ರೋಗ್ರಾಮಿಂಗ್ ಬಾರದವರಿಗೂ ಅದು ಒಗ್ಗುತ್ತದೆ.

ಮೊದಲ ಬಾರಿಗೆ ಪ್ರಯತ್ನಿಸುವವರು ಎಂ4ರಿಂದ ಆರಂಭಿಸಲಿ. ಅದು ಸುಮಾರು 6,000 ಜ್ಯೋತಿರ್ವರ್ಷಗಳಷ್ಟು ಹತ್ತಿರದಲ್ಲಿದೆ, ವರ್ಷಕ್ಕೆ 22 ಮಿಲಿ ಆರ್ಕ್‌ಸೆಕೆಂಡಿಗೂ ಹೆಚ್ಚು ಸರಿಯುತ್ತದೆ, ಹಾಗಾಗಿ ಹಿನ್ನೆಲೆಯ ನಕ್ಷತ್ರಗಳಿಂದ ಬಹುದೂರ ನಿಂತು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದಾದ ಮೇಲೆ 47 ಟುಕಾನೆ, ಕೊನೆಗೆ ಪಾಲೊಮಾರ್ 5. ಈ ಮೂರನೆಯದು ಕಷ್ಟದ ಗುಚ್ಛ. ಅದರ ಹೆಚ್ಚಿನ ನಕ್ಷತ್ರಗಳು ಗಾಯಾದ ಎಟುಕಿನ ಅಂಚಿನಲ್ಲಿವೆ, ಬಾಲದಲ್ಲಿ ನನಗೆ ಭರವಸೆಯಿಂದ ಗುರುತಿಸಲು ಸಾಧ್ಯವಾದದ್ದು ಬೆರಳೆಣಿಕೆಯ ಕೆಂಪು ದೈತ್ಯಗಳನ್ನು ಮಾತ್ರ. ಮೂರನೆಯ ಬಿಡುಗಡೆ 34 ತಿಂಗಳ ಅಳತೆಗಳ ಮೇಲೆ ನಿಂತಿದ್ದರೆ, ನಾಲ್ಕನೆಯದು 66 ತಿಂಗಳ ಅಳತೆಗಳನ್ನು ಒಳಗೊಳ್ಳಲಿದೆ, ಅವಧಿ ಉದ್ದವಾದಷ್ಟೂ ಸ್ವಚಲನೆಯ ನಿಖರತೆ ಇನ್ನೂ ಬೇಗ ಏರುತ್ತದೆ. ಅದು ಬಂದ ದಿನ ನಾನು ಮೊದಲು ಕಳುಹಿಸುವ ಪ್ರಶ್ನೆ ಈಗಾಗಲೇ ಬರೆದಿಟ್ಟಾಗಿದೆ. ಅದರಲ್ಲಿರುವುದು ಪಾಲೊಮಾರ್ 5ರ ಬಾಲದುದ್ದಕ್ಕೂ ಹಾಕಿದ ಕಿರಿದಾದ ಪಟ್ಟಿಯ ಅಳತೆಗಳು.